ಇನ್ಸುಲಿನ್ ಬಾಟಲಿಯ ಬಿಳಿ ಪದರ: ಹರಳು ಬೆಳೆಯುವ ಬಗೆ, ಬೆಳಕು ಅಳೆಯುವ ಲೆಕ್ಕ

ನಮ್ಮ ಅಮ್ಮಿಗೆ ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷವಾಯಿತು. ಮಾತ್ರೆಗಳಿಂದ ಹತೋಟಿಗೆ ಬಾರದಾಗ ವೈದ್ಯರು ಇನ್ಸುಲಿನ್ ಬರೆದುಕೊಟ್ಟರು. ಬೆಳಗ್ಗೆ ತಿಂಡಿಗೆ ಮುಂಚೆ 18 ಯೂನಿಟ್, ರಾತ್ರಿ ಊಟಕ್ಕೆ ಮುಂಚೆ 12 ಯೂನಿಟ್. ವಿಜಯನಗರದ ನಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲಿ, ಮೊಟ್ಟೆಗಳ ಪಕ್ಕ, ಆ ಚಿಕ್ಕ ಬಾಟಲಿಗೆ ಒಂದು ಕಾಯಂ ಜಾಗವಾಯಿತು. ಅಮ್ಮಿ ಹೊತ್ತು ತಪ್ಪಿಸುವವರಲ್ಲ. ಸಿಹಿ ಬಿಟ್ಟಿದ್ದರು, ಅನ್ನ ಕಡಿಮೆ ಮಾಡಿದ್ದರು. ಆದರೂ ಸಕ್ಕರೆಯ ಅಂಕಿ ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ.

ದಿನದ ಅಂಕಿಗಳನ್ನು ಬರೆದಿಡುತ್ತಿದ್ದ ನೋಟ್‌ಬುಕ್ ತಿರುವಿ ಹಾಕಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹೊಸ ಬಾಟಲಿ ತೆರೆದ ಮೊದಲ ನಾಲ್ಕೈದು ದಿನ ಸಕ್ಕರೆ 250ರ ಮೇಲೆ. ಬಾಟಲಿ ಮುಗಿಯುತ್ತ ಬಂದ ದಿನಗಳಲ್ಲಿ ಬೆವರು, ಕೈನಡುಕ, ಅಳೆದರೆ 60ರ ಆಸುಪಾಸು. ಮತ್ತೆ ಹೊಸ ಬಾಟಲಿ, ಮತ್ತೆ 250. ಅದೇ ಅಳತೆ, ಅದೇ ಊಟ, ಆದರೆ ಫಲಿತಾಂಶ ಬೇರೆ ಬೇರೆ.

ಕ್ಲಿನಿಕ್ಕಿನ ನರ್ಸ್ ಆ ಪುಟಗಳನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಚುಚ್ಚಿಕೊಳ್ಳೋ ಮೊದಲು ಬಾಟಲಿ ಉರುಳಿಸ್ತೀರಾ, ಅಮ್ಮಾ?" ಅಮ್ಮಿ ಉರುಳಿಸುತ್ತಿರಲಿಲ್ಲ. ಇನ್ಸುಲಿನ್ ಬಾಟಲಿಯನ್ನು ಅಲ್ಲಾಡಿಸಬಾರದು ಎಂದು ಯಾರೋ ಹೇಳಿದ್ದರಂತೆ. ಅದಕ್ಕೆ ಅವರು ಅದನ್ನು ಅತ್ತಿತ್ತ ಕದಲಿಸದೆ ಜೋಪಾನವಾಗಿ ಎತ್ತಿ, ಜೋಪಾನವಾಗಿ ಸಿರಿಂಜಿಗೆ ಎಳೆದುಕೊಳ್ಳುತ್ತಿದ್ದರು. ತಳದಲ್ಲಿ ಬಿಳಿ ಪದರ, ಮೇಲೆ ನೀರಿನಂಥ ತಿಳಿ. ಅವರಿಗೆ ಸಿಗುತ್ತಿದ್ದುದು ಹೆಚ್ಚಾಗಿ ಆ ತಿಳಿ.

ಆ ಬಿಳಿ ಪದರ ಕಸವಲ್ಲ. ಔಷಧದ ದೊಡ್ಡ ಪಾಲು ಅದೇ. ಅದು ಇನ್ಸುಲಿನ್ ಎಂಬ ಪ್ರೋಟೀನಿನ ಹರಳು, ಎಂದರೆ ಕಣ್ಣಿಗೆ ಒಂದೊಂದಾಗಿ ಕಾಣದಷ್ಟು ಸಣ್ಣ ಸ್ಫಟಿಕಗಳ ರಾಶಿ. ಈ ಹರಳನ್ನು ಹೇಗೆ ಬೆಳೆಸುತ್ತಾರೆ, ಬೆಳೆಯುವಾಗ ನೀರಿನಲ್ಲಿ ಎಷ್ಟು ಪ್ರೋಟೀನ್ ಉಳಿದಿದೆ ಎಂದು ಮುಟ್ಟದೆ ಹೇಗೆ ಅಳೆಯುತ್ತಾರೆ ಎಂದು ತಿಳಿದರೆ, ಬಾಟಲಿಯನ್ನು ಏಕೆ ಉರುಳಿಸಬೇಕು ಎಂಬುದು ಯಾರೂ ಹೇಳಿಕೊಡದೆಯೇ ಅರ್ಥವಾಗುತ್ತದೆ.

ಪಾಕ ಮತ್ತು ಹರಳು

ಹರಳುಗಟ್ಟುವುದು ಅಡುಗೆಮನೆಯಲ್ಲಿ ನಾವು ದಿನವೂ ನೋಡುವ ಸಂಗತಿ. ಬಿಸಿನೀರಿಗೆ ಸಕ್ಕರೆ ಸುರಿದು ಕರಗಿಸಿ, ಇನ್ನು ಕರಗದು ಎನ್ನುವ ಮಟ್ಟಕ್ಕೆ ತಂದು ಆರಲು ಬಿಟ್ಟರೆ, ತಣಿದ ನೀರಿಗೆ ಅಷ್ಟು ಸಕ್ಕರೆಯನ್ನು ಹೊತ್ತಿರಲು ಆಗುವುದಿಲ್ಲ. ಹೆಚ್ಚಾದದ್ದು ಹರಳಾಗಿ ಹೊರಬರುತ್ತದೆ. ನಿಧಾನವಾಗಿ ಬಿಟ್ಟರೆ ದಪ್ಪ ದಪ್ಪ ಕಲ್ಲುಸಕ್ಕರೆ. ಅವಸರ ಮಾಡಿದರೆ ಪುಡಿಪುಡಿ.

ಪ್ರೋಟೀನಿಗೂ ಇದೇ ನಿಯಮ. ದ್ರಾವಣದಲ್ಲಿ ಪ್ರೋಟೀನ್ ಕರಗಬಲ್ಲ ಮಿತಿಗಿಂತ ಸ್ವಲ್ಪ ಹೆಚ್ಚಿದ್ದರೆ, ಈಗಾಗಲೇ ಇರುವ ಹರಳುಗಳು ಮೆಲ್ಲನೆ ದೊಡ್ಡದಾಗುತ್ತವೆ. ಮಿತಿಗಿಂತ ಬಹಳ ಹೆಚ್ಚಿದ್ದರೆ ಎಲ್ಲೆಂದರಲ್ಲಿ ಸಾವಿರಾರು ಹೊಸ ಹರಳುಗಳು ಒಮ್ಮೆಲೇ ಹುಟ್ಟಿಕೊಳ್ಳುತ್ತವೆ, ಇಲ್ಲವೇ ಆಕಾರವಿಲ್ಲದ ಗಸಿಯಾಗಿ ಬೀಳುತ್ತವೆ. ಮಿತಿಗಿಂತ ಕಡಿಮೆಯಾದರೆ ಬೆಳೆದ ಹರಳೂ ಕರಗಿಹೋಗುತ್ತದೆ. ಒಳ್ಳೆಯ ಹರಳು ಬೇಕೆಂದರೆ ಈ ಎರಡರ ನಡುವಿನ ಕಿರಿದಾದ ಹಾದಿಯಲ್ಲೇ ದ್ರಾವಣವನ್ನು ನಡೆಸಬೇಕು.

ಕಷ್ಟವೇನೆಂದರೆ ಈ ಹಾದಿ ನಿಂತಲ್ಲಿ ನಿಲ್ಲುವುದಿಲ್ಲ. ಹರಳು ಬೆಳೆದಂತೆಲ್ಲ ನೀರಿನಲ್ಲಿರುವ ಪ್ರೋಟೀನ್ ಕಡಿಮೆಯಾಗುತ್ತಲೇ ಇರುತ್ತದೆ. ಜಿಲೇಬಿ ಮಾಡುವವರು ಬೆರಳ ತುದಿಗೆ ಪಾಕ ತಾಗಿಸಿ, ಎಳೆ ಬರುತ್ತದೋ ಇಲ್ಲವೋ ನೋಡಿ ಹದ ಹೇಳುತ್ತಾರೆ. ಪ್ರೋಟೀನ್ ದ್ರಾವಣಕ್ಕೆ ಬೆರಳು ಹಾಕುವಂತಿಲ್ಲ. ಎಷ್ಟೋ ಸಲ ಪ್ರಯೋಗಾಲಯದಲ್ಲಿ ಹರಳು ಬೆಳೆಯುವುದು ಗಾಜಿನ ತುಂಡಿನಿಂದ ತಲೆಕೆಳಗಾಗಿ ನೇತಾಡುವ ಒಂದು ಹನಿಯಲ್ಲಿ. ಅದರ ಸುತ್ತ ಗಾಳಿಯಾಡದಂತೆ ಮುಚ್ಚಿರುತ್ತಾರೆ. ಅಳೆಯಲೆಂದು ಮುಚ್ಚಳ ತೆರೆದರೆ ಹನಿ ಆರಿ, ಹದವೇ ಕೆಡುತ್ತದೆ. ಹಾಗಾಗಿ ಒಳಗೆ ಕಳುಹಿಸಬಹುದಾದದ್ದು ಒಂದೇ, ಬೆಳಕು.

ಸುಲೈಮಾನಿಯ ಲೋಟ

ಗಾಜಿನ ಲೋಟದಲ್ಲಿ ಸುಲೈಮಾನಿ ಹಾಕಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಸೊಪ್ಪು ಕಡಿಮೆಯಿದ್ದರೆ ಆಚೆಗಿನ ಬೆಳಕು ಸಲೀಸಾಗಿ ಕಾಣುತ್ತದೆ. ಗಟ್ಟಿಯಾಗಿದ್ದರೆ ಮಬ್ಬು. ಅದೇ ಚಹಾವನ್ನು ಅಗಲವಾದ ಲೋಟಕ್ಕೆ ಹಾಕಿದರೆ ಇನ್ನೂ ಕಪ್ಪಾಗಿ ಕಾಣುತ್ತದೆ, ಏಕೆಂದರೆ ಬೆಳಕು ಹೆಚ್ಚು ದೂರ ಹಾಯಬೇಕು. ದ್ರಾವಣ ಎಷ್ಟು ಬೆಳಕು ಹೀರುತ್ತದೆ ಎಂಬುದು ಅದರಲ್ಲಿ ಎಷ್ಟು ವಸ್ತು ಕರಗಿದೆ ಮತ್ತು ಬೆಳಕು ಎಷ್ಟು ದೂರ ಸಾಗಿದೆ ಎಂಬ ಎರಡು ಸಂಗತಿಗಳ ಮೇಲೆ ನಿಂತಿದೆ. ಲ್ಯಾಂಬರ್ಟ್ 1760ರಲ್ಲಿ, ಬೇರ್ 1852ರಲ್ಲಿ ಇದನ್ನು ಲೆಕ್ಕಕ್ಕೆ ಇಳಿಸಿದರು. ಇಂದಿಗೂ ಅದು ಅವರಿಬ್ಬರ ಹೆಸರಿನ ನಿಯಮ.

ನಾವೆಲ್ಲರೂ ಈ ನಿಯಮದ ಫಲಾನುಭವಿಗಳು. ರಾಜಾಜಿನಗರದಲ್ಲೋ ಬಸವೇಶ್ವರನಗರದಲ್ಲೋ ಯಾವುದಾದರೂ ಲ್ಯಾಬಿಗೆ ರಕ್ತ ಕೊಟ್ಟಾಗ ವರದಿಯಲ್ಲಿ 'ಟೋಟಲ್ ಪ್ರೋಟೀನ್' ಎಂಬ ಸಾಲು ಇರುತ್ತದೆ. ಸಾಮಾನ್ಯವಾಗಿ ಡೆಸಿಲೀಟರಿಗೆ 6ರಿಂದ 8 ಗ್ರಾಂ. ರಕ್ತದ ತಿಳಿಗೆ ತಾಮ್ರದ ಲವಣವಿರುವ ಕ್ಷಾರ ದ್ರಾವಣ ಬೆರೆಸಿದರೆ ಪ್ರೋಟೀನ್ ಇದ್ದಷ್ಟೂ ನೇರಳೆ ಬಣ್ಣ ಗಾಢವಾಗುತ್ತದೆ. ಯಂತ್ರ ಅದರ ಮೂಲಕ 540 ನ್ಯಾನೊಮೀಟರಿನ ಆಸುಪಾಸಿನ ಹಸಿರು ಬೆಳಕು ಹಾಯಿಸಿ, ಎಷ್ಟು ದಾಟಿ ಬಂತು ಎಂದು ನೋಡಿ ಅಂಕಿ ಬರೆಯುತ್ತದೆ.

ಆದರೆ ಹರಳು ಬೆಳೆಯುತ್ತಿರುವ ದ್ರಾವಣಕ್ಕೆ ಬಣ್ಣದ ರಾಸಾಯನಿಕ ಹಾಕಲಾಗದು. ಹಾಕಿದರೆ ಹರಳೇ ಹಾಳು. ಅದೃಷ್ಟಕ್ಕೆ ಪ್ರೋಟೀನಿಗೆ ತನ್ನದೇ ಒಂದು 'ಬಣ್ಣ' ಇದೆ. ನಮ್ಮ ಕಣ್ಣಿಗೆ ಅದು ತಿಳಿನೀರು. ಅತಿನೇರಳೆ ಬೆಳಕಿಗೆ ಮಾತ್ರ ಅದು ಗಟ್ಟಿ ಸುಲೈಮಾನಿ. ಟ್ರಿಪ್ಟೊಫಾನ್, ಟೈರೊಸಿನ್ ಎಂಬ ಅಮೈನೊ ಆಮ್ಲಗಳು 280 ನ್ಯಾನೊಮೀಟರಿನ ಹತ್ತಿರದ ಬೆಳಕನ್ನು ಹೀರಿಕೊಳ್ಳುತ್ತವೆ. ಇನ್ಸುಲಿನ್‌ನಲ್ಲಿರುವುದು 51 ಅಮೈನೊ ಆಮ್ಲಗಳು. ಟ್ರಿಪ್ಟೊಫಾನ್ ಇಲ್ಲವೇ ಇಲ್ಲ, ನಾಲ್ಕು ಟೈರೊಸಿನ್‌ಗಳಿವೆ. ಅವುಗಳ ಬಲದಿಂದಲೇ ಬೆಳಕು ಅದನ್ನು ಗುರುತು ಹಿಡಿಯುತ್ತದೆ.

ಈ ವಿಧಾನಕ್ಕೂ ಎರಡು ತೊಡಕುಗಳಿವೆ. ಮೊದಲನೆಯದು, ಹರಳು ಬೆಳೆಸುವ ದ್ರಾವಣ ತುಂಬ ಗಟ್ಟಿ. ಕೋಳಿಮೊಟ್ಟೆಯ ಬಿಳಿಯಲ್ಲಿರುವ ಲೈಸೊಜೈಮ್ ಎಂಬ ಪ್ರೋಟೀನ್ ಹರಳು ಬೆಳೆಸುವವರ ಅಚ್ಚುಮೆಚ್ಚಿನ ಮಾದರಿ. ಅದು ಮಿಲಿಲೀಟರಿಗೆ ಒಂದೇ ಮಿಲಿಗ್ರಾಂ ಇದ್ದರೂ, ಒಂದು ಸೆಂಟಿಮೀಟರ್ ದಪ್ಪದ ದ್ರಾವಣವನ್ನು ದಾಟುವ ಅತಿನೇರಳೆ ಬೆಳಕು ಸುಮಾರು 400ರಲ್ಲಿ ಒಂದು ಪಾಲು ಮಾತ್ರ. ಹರಳು ಬೆಳೆಸುವಾಗ ಇರುವುದು ಅದರ ಹತ್ತಾರು ಪಟ್ಟು. ಬೆಳಕು ಆಚೆ ಬರುವುದೇ ಇಲ್ಲ. ಹಾಗಾಗಿ ಬೆಳಕು ಸಾಗುವ ದಾರಿಯನ್ನು ಒಂದು ಮಿಲಿಮೀಟರಿಗೋ ಇನ್ನೂ ಕಡಿಮೆಗೋ ಇಳಿಸುತ್ತಾರೆ, ಇಲ್ಲವೇ ಪ್ರೋಟೀನ್ ಅಷ್ಟಾಗಿ ಹೀರದ ಬೇರೆ ಅಲೆಯುದ್ದದ ಬೆಳಕನ್ನು ಆರಿಸಿಕೊಳ್ಳುತ್ತಾರೆ. ಎರಡನೆಯದು, ಹರಳುಗಳು ಹುಟ್ಟಿದೊಡನೆ ದ್ರಾವಣ ಹಾಲಿನಂತೆ ಮಬ್ಬಾಗಿ ಬೆಳಕನ್ನು ಚೆದುರಿಸುತ್ತದೆ. ಚೆದುರಿ ಹೋದದ್ದೂ ಹೀರಿಕೊಂಡಂತೆಯೇ ಲೆಕ್ಕಕ್ಕೆ ಬರುತ್ತದೆ. ಇದನ್ನು ಸರಿದೂಗಿಸಲು, ಪ್ರೋಟೀನ್ ಹೀರದ 320 ಅಥವಾ 350 ನ್ಯಾನೊಮೀಟರಿನಲ್ಲೂ ಅಳೆಯುತ್ತಾರೆ. ಅಲ್ಲಿ ಕಳೆದುಹೋದ ಬೆಳಕು ಚೆದುರಿದ್ದೇ ಹೊರತು ಹೀರಿದ್ದಲ್ಲ. ಅದನ್ನು ಆಧಾರವಾಗಿಟ್ಟುಕೊಂಡು ಲೆಕ್ಕ ಸರಿಪಡಿಸುತ್ತಾರೆ.

ಹರಳಿನ ಸುತ್ತ ಏನಾಗುತ್ತದೆ?

ಮೇಲಿನ ಅಳತೆ ಇಡೀ ದ್ರಾವಣದ ಸರಾಸರಿಯನ್ನು ಹೇಳುತ್ತದೆ. ಹರಳಿನ ಮೈಗಂಟಿದ ಜಾಗದಲ್ಲಿ ಏನಿದೆ ಎಂದು ತಿಳಿಯಲು ಬೆಳಕಿನ ಇನ್ನೊಂದು ಗುಣ ನೆರವಾಗುತ್ತದೆ. ಪ್ರೋಟೀನ್ ಹೆಚ್ಚಿದ್ದಲ್ಲಿ ಬೆಳಕು ಕೊಂಚ ನಿಧಾನವಾಗಿ ಸಾಗುತ್ತದೆ. ಒಂದೇ ಲೇಸರ್ ಕಿರಣವನ್ನು ಎರಡಾಗಿ ಸೀಳಿ, ಒಂದನ್ನು ದ್ರಾವಣದ ಮೂಲಕ, ಇನ್ನೊಂದನ್ನು ಹೊರಗಿನಿಂದ ಕಳುಹಿಸಿ ಮತ್ತೆ ಸೇರಿಸಿದರೆ ಕಪ್ಪು-ಬಿಳಿ ಪಟ್ಟಿಗಳು ಮೂಡುತ್ತವೆ. ದ್ರಾವಣದಲ್ಲಿ ಪ್ರೋಟೀನ್ ಕಡಿಮೆಯಾದರೆ ಪಟ್ಟಿಗಳು ಸರಿಯುತ್ತವೆ. ಎಷ್ಟು ಸರಿದವು ಎಂದು ಎಣಿಸಿದರೆ ಎಲ್ಲಿ ಎಷ್ಟು ಪ್ರೋಟೀನ್ ಉಳಿದಿದೆ ಎಂದು ತಿಳಿಯುತ್ತದೆ.

ಹೀಗೆ ನೋಡಿದಾಗ ಬೆಳೆಯುವ ಹರಳಿನ ಸುತ್ತ ಪ್ರೋಟೀನ್ ಬರಿದಾದ ಒಂದು ತೆಳು ಪದರ ಕಾಣುತ್ತದೆ. ಅಲ್ಲಿದ್ದುದನ್ನು ಹರಳು ತಾನು ಸೇರಿಸಿಕೊಂಡಿರುತ್ತದೆ. ಬರಿದಾದ ದ್ರಾವಣ ಹಗುರ. ಅದು ಊದುಬತ್ತಿಯ ಹೊಗೆಯಂತೆ ಮೇಲೇಳುತ್ತದೆ, ಅದರ ಜಾಗಕ್ಕೆ ಹೊಸ ದ್ರಾವಣ ನುಗ್ಗುತ್ತದೆ. ಈ ನೂಕುನುಗ್ಗಲಿಲ್ಲದೆ ಹರಳು ಸಮಾಧಾನವಾಗಿ ಬೆಳೆದರೆ ಹೇಗಿರುತ್ತದೆ ಎಂದು ನೋಡಲು 1980ರ ದಶಕದಿಂದ ಬಾಹ್ಯಾಕಾಶದಲ್ಲೂ ಪ್ರೋಟೀನ್ ಹರಳು ಬೆಳೆಸಿದ್ದಾರೆ. ಇನ್ಸುಲಿನ್ ಕೂಡ ಆ ಪಟ್ಟಿಯಲ್ಲಿದೆ.

ಮೂರನೆಯ ದಾರಿಗೆ ನಮ್ಮ ಊರಿನ ನಂಟಿದೆ. ವಸ್ತುವಿನ ಮೇಲೆ ಬಿದ್ದು ಚೆದುರುವ ಬೆಳಕಿನಲ್ಲಿ ಒಂದು ಅತಿ ಸಣ್ಣ ಪಾಲು ಬಣ್ಣ ಬದಲಿಸುತ್ತದೆ, ಆ ಬದಲಾವಣೆ ವಸ್ತುವಿನಿಂದ ವಸ್ತುವಿಗೆ ಬೇರೆ ಎಂದು ಸಿ. ವಿ. ರಾಮನ್ 1928ರಲ್ಲಿ ಕೋಲ್ಕತ್ತದಲ್ಲಿ ಕಂಡರು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದು ಕೊನೆಯವರೆಗೂ ಇಲ್ಲೇ ನೆಲೆಸಿದರು. 1999ರಲ್ಲಿ ಅಮೆರಿಕದ ಶ್ವಾರ್ಟ್ಜ್ ಮತ್ತು ಬರ್ಗ್‌ಲುಂಡ್ ಇದೇ ರಾಮನ್ ಪರಿಣಾಮವನ್ನು ಬಳಸಿ, ನೇತಾಡುವ ಹನಿಯೊಳಗೆ ಲೈಸೊಜೈಮ್ ಹರಳಾಗುತ್ತಿರುವಾಗಲೇ ಅದರ ಸಾಂದ್ರತೆಯನ್ನು ಅಳೆದ ವಿವರ ಪ್ರಕಟಿಸಿದರು.

ಯಶವಂತಪುರದ ಪಕ್ಕದ ಕ್ಯಾಂಪಸ್ಸಿನಲ್ಲಿ

ಇಷ್ಟೆಲ್ಲ ಪಾಡು ಏಕೆ? ಹರಳು ಚೆನ್ನಾಗಿ ಬೆಳೆದರೆ ಮಾತ್ರ ಎಕ್ಸ್-ರೇ ಹಾಯಿಸಿ ಪ್ರೋಟೀನಿನ ಒಳ ರಚನೆಯನ್ನು ತಿಳಿಯಬಹುದು. ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ. 1926ರಲ್ಲಿ ಅಮೆರಿಕದ ಜಾನ್ ಏಬೆಲ್ ಅದನ್ನು ಹರಳುಗಟ್ಟಿಸಿದರು. ಒಳ್ಳೆಯ ಹರಳಿಗೆ ಸತು ಬೇಕು ಎಂದು 1934ರಲ್ಲಿ ಗೊತ್ತಾಯಿತು. ಬ್ರಿಟನ್ನಿನ ಡೊರೊಥಿ ಹಾಡ್ಜ್‌ಕಿನ್ ಇನ್ಸುಲಿನ್ ಹರಳಿನ ಮೊದಲ ಎಕ್ಸ್-ರೇ ಚಿತ್ರಗಳ ಬಗ್ಗೆ ಬರೆದದ್ದು 1935ರಲ್ಲಿ. ಪೂರ್ತಿ ರಚನೆ ಕೈಗೆ ಸಿಕ್ಕಿದ್ದು 34 ವರ್ಷಗಳ ನಂತರ, 1969ರಲ್ಲಿ. ಎರಡು ಸತುವಿನ ಪರಮಾಣುಗಳ ಸುತ್ತ ಆರು ಇನ್ಸುಲಿನ್ ಅಣುಗಳು ಒಟ್ಟಾಗಿ ಕೂತಿರುತ್ತವೆ ಎಂದು ಆಗ ಸ್ಪಷ್ಟವಾಯಿತು.

ಆ ರಚನೆಯನ್ನು ಪ್ರಕಟಿಸಿದ ತಂಡದಲ್ಲಿ ಎಂ. ವಿಜಯನ್ ಇದ್ದರು. ಕೇರಳದಲ್ಲಿ ಹುಟ್ಟಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡಿ, ಆಕ್ಸ್‌ಫರ್ಡಿಗೆ ಹೋಗಿ ಹಾಡ್ಜ್‌ಕಿನ್ ಜತೆ ದುಡಿದು, 1971ರಲ್ಲಿ ಅವರು ಬೆಂಗಳೂರಿಗೆ ಮರಳಿದರು. ಅದೇ ಸಂಸ್ಥೆಯಲ್ಲಿ ಪ್ರೋಟೀನ್ ಹರಳುಗಳ ಅಧ್ಯಯನವನ್ನು ಕಟ್ಟಿ ಬೆಳೆಸಿದರು. ಕಡಲೆಕಾಯಿಯ ಒಂದು ಪ್ರೋಟೀನಿನಿಂದ ಹಿಡಿದು ಕ್ಷಯರೋಗದ ಬ್ಯಾಕ್ಟೀರಿಯಾದ ಪ್ರೋಟೀನುಗಳವರೆಗೆ ಅವರ ತಂಡ ಕೆಲಸ ಮಾಡಿತು. 2022ರಲ್ಲಿ ಅವರು ತೀರಿಕೊಂಡರು. ರಾಜಾಜಿನಗರದಿಂದ ಯಶವಂತಪುರದ ಕಡೆ ಹೋಗುವ ನಮ್ಮಲ್ಲಿ ಎಷ್ಟೋ ಮಂದಿ ಆ ಮರಗಳ ಕ್ಯಾಂಪಸ್ಸಿನ ಪಕ್ಕದಲ್ಲೇ ದಿನವೂ ಹಾದುಹೋಗುತ್ತೇವೆ.

ಇನ್ನೊಂದು ಮಾತು. ಇನ್ಸುಲಿನ್ ಹರಳು ಮನುಷ್ಯರು ಮೊದಲು ಮಾಡಿದ್ದಲ್ಲ. ಆರೋಗ್ಯವಂತರ ಮೇದೋಜ್ಜೀರಕ ಗ್ರಂಥಿಯ ಕೋಶಗಳಲ್ಲಿ ಇನ್ಸುಲಿನ್ ಸತುವಿನ ಜತೆ ಸೇರಿ ಹರಳುಗಟ್ಟಿಯೇ ಶೇಖರವಾಗಿರುತ್ತದೆ. ಬೇಕಾದಾಗ ರಕ್ತಕ್ಕೆ ಬಿಟ್ಟೊಡನೆ ಕರಗುತ್ತದೆ.

ಹರಳು ಬಾಟಲಿಗೆ ಬಂದ ಬಗೆ

ಚುಚ್ಚುಮದ್ದಿನಲ್ಲಿ ಹರಳು ಏಕೆ ಬೇಕು? ನೀರಿನಂತೆ ತಿಳಿಯಾದ ಸಾದಾ ಇನ್ಸುಲಿನ್ ಬೇಗ ಕೆಲಸ ಮಾಡಿ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಹರಳಾಗಿದ್ದರೆ ಚರ್ಮದಡಿಯಲ್ಲಿ ಮೆಲ್ಲಮೆಲ್ಲನೆ ಕರಗಿ ಹೆಚ್ಚು ಹೊತ್ತು ಇರುತ್ತದೆ. ಡೆನ್ಮಾರ್ಕಿನ ಹ್ಯಾಗೆಡಾರ್ನ್ 1936ರಲ್ಲಿ ಪ್ರೊಟಮಿನ್ ಎಂಬ ಇನ್ನೊಂದು ಪ್ರೋಟೀನನ್ನು ಇನ್ಸುಲಿನ್ ಜತೆ ಬೆರೆಸಿದರು. 1946ರಲ್ಲಿ ಅವರ ಪ್ರಯೋಗಾಲಯದಲ್ಲೇ ಎರಡನ್ನೂ ಸರಿಯಾದ ಪ್ರಮಾಣದಲ್ಲಿ ಕೂಡಿಸಿ ಹರಳುಗಟ್ಟಿಸುವ ವಿಧಾನ ಸಿದ್ಧವಾಯಿತು. ಅದೇ ಎನ್‌ಪಿಎಚ್ ಇನ್ಸುಲಿನ್. ಅಮ್ಮಿಯಂತೆ '30/70' ತೆಗೆದುಕೊಳ್ಳುವವರ ಬಾಟಲಿಯಲ್ಲಿ 30 ಪಾಲು ತಿಳಿ ಇನ್ಸುಲಿನ್, 70 ಪಾಲು ಈ ಹರಳು.

ಹಿರಿಯರು ಆಗಾಗ ಕೇಳುವ ಪ್ರಶ್ನೆಯೊಂದಿದೆ: ಇದು ಹಂದಿಯಿಂದ ಮಾಡಿದ್ದೇ? ಹಿಂದೆ ಇನ್ಸುಲಿನ್ ಅನ್ನು ದನ ಮತ್ತು ಹಂದಿಯ ಗ್ರಂಥಿಗಳಿಂದ ತೆಗೆಯುತ್ತಿದ್ದುದು ನಿಜ. 1982ರಿಂದ ಸೂಕ್ಷ್ಮಜೀವಿಗಳಲ್ಲಿ ಬೆಳೆಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂತು. ನಮ್ಮ ಬೆಂಗಳೂರಿನದೇ ಆದ ಬಯೋಕಾನ್ 2004ರಲ್ಲಿ ಯೀಸ್ಟ್ ಬಳಸಿ ತಯಾರಿಸಿದ ಇನ್ಸುಲಿನ್ ಬಿಡುಗಡೆ ಮಾಡಿತು. ಪ್ರೊಟಮಿನ್ ಮೂಲತಃ ಮೀನಿನಿಂದ ಪಡೆಯುವ ವಸ್ತು. ಬಾಟಲಿಯ ಮೇಲೆ 'ಹ್ಯೂಮನ್ ಇನ್ಸುಲಿನ್' ಎಂದಿದೆಯೇ ನೋಡಿ. ಸಂದೇಹವಿದ್ದರೆ ಔಷಧ ಅಂಗಡಿಯವರನ್ನು ಕೇಳಿ. ಮೀನಿನ ಅಲರ್ಜಿ ಇರುವವರು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಈಗ ಅಮ್ಮಿಯ ನೋಟ್‌ಬುಕ್ಕಿಗೆ ಮರಳೋಣ. ಹರಳಾದ ಇನ್ಸುಲಿನ್ ಸರಿಯಾಗಿ ತಯಾರಾಗಿದೆಯೇ ಎಂದು ನೋಡುವ ಒಂದು ಪರೀಕ್ಷೆಯಲ್ಲಿ ಹರಳನ್ನು ತಳಕ್ಕಿಳಿಸಿ, ಮೇಲಿನ ತಿಳಿಯನ್ನು ಬೇರೆ ಮಾಡಿ, ಅದರಲ್ಲಿ ಎಷ್ಟು ಇನ್ಸುಲಿನ್ ಉಳಿದಿದೆ ಎಂದು ಅಳೆಯುತ್ತಾರೆ. ಬರೀ ಎನ್‌ಪಿಎಚ್ ಆಗಿದ್ದರೆ ಆ ತಿಳಿಯಲ್ಲಿ ಇನ್ಸುಲಿನ್ ಇಲ್ಲವೆನ್ನುವಷ್ಟು ಕಡಿಮೆ ಇರಬೇಕು. ಎಂದರೆ, ಔಷಧ ಚೆನ್ನಾಗಿ ತಯಾರಾದಷ್ಟೂ ಮೇಲಿನ ತಿಳಿ ಬರಿದು! 30/70 ಬಾಟಲಿಯ ತಿಳಿಯಲ್ಲಿ ಇರುವುದು ಆ 30 ಪಾಲು ಮಾತ್ರ. ಅಮ್ಮಿ ಮೊದಲ ದಿನಗಳಲ್ಲಿ ಎಳೆದುಕೊಂಡದ್ದು ಹೆಚ್ಚಾಗಿ ಅದು. ಹೀಗೆ ತಿಳಿ ಖರ್ಚಾದಂತೆ ಬಾಟಲಿಯಲ್ಲಿ ಉಳಿದದ್ದು ಗಟ್ಟಿಯಾಗುತ್ತ ಹೋಗಿ, ಕೊನೆಯ ದಿನಗಳಲ್ಲಿ ಅದೇ 18 ಯೂನಿಟ್ ಗೆರೆಯೊಳಗೆ ಬೇಕಾದ್ದಕ್ಕಿಂತ ಹೆಚ್ಚು ಇನ್ಸುಲಿನ್ ಸೇರುತ್ತಿತ್ತು.

ಇದು ನಮ್ಮ ಮನೆಯ ಕಥೆ ಮಾತ್ರವಲ್ಲ. ಪೆನ್ ಬಳಸುವವರನ್ನು ಪರೀಕ್ಷಿಸಿ 1999ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸರಿಯಾಗಿ ಬೆರೆಸದ ಕಾರಣ ಕೆಲವರ ಪೆನ್ನಿನಲ್ಲಿ ಹರಳಿನ ಇನ್ಸುಲಿನ್ ಇರಬೇಕಾದ್ದರ 5 ಪ್ರತಿಶತದಷ್ಟಿದ್ದರೆ, ಇನ್ನು ಕೆಲವರಲ್ಲಿ ಎರಡು ಪಟ್ಟನ್ನೂ ಮೀರಿತ್ತು.

40 ಯೂನಿಟ್ಟಿನ 10 ಮಿಲಿಲೀಟರ್ ಬಾಟಲಿಯಲ್ಲಿ ಒಟ್ಟು ಇರುವ ಇನ್ಸುಲಿನ್ ಸುಮಾರು 14 ಮಿಲಿಗ್ರಾಂ, ಹೆಚ್ಚುಕಡಿಮೆ ಒಂದು ಅಕ್ಕಿಕಾಳಿನ ತೂಕ. ಅಮ್ಮಿಗೆ ಅದು ಹದಿಮೂರು ದಿನಕ್ಕೆ ಬರಬೇಕು. ಇಷ್ಟು ಸಣ್ಣ ವಸ್ತುವನ್ನು ಸಮನಾಗಿ ಹಂಚುವ ಕೊನೆಯ ಕೆಲಸ ನಮ್ಮ ಅಂಗೈಯಲ್ಲಿದೆ.

ಮನೆಯಲ್ಲಿ ನೆನಪಿಡಬೇಕಾದ್ದು

1. ಬಿಳಿ ಇನ್ಸುಲಿನ್ ಆದರೆ ಪ್ರತಿ ಸಲವೂ ಎರಡು ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ಮೆಲ್ಲನೆ ತಲೆಕೆಳಗು ಮಾಡಿ. ಬಾಟಲಿಯ ತುಂಬ ಒಂದೇ ಹಾಲುಬಿಳುಪು ಬರಬೇಕು. ಜೋರಾಗಿ ಕುಲುಕಬೇಡಿ. ನೊರೆ, ಗುಳ್ಳೆ ಬಂದು ಅಳತೆ ತಪ್ಪುತ್ತದೆ.

2. ಬೆರೆಸಿದ ಮೇಲೂ ಗಂಟು, ಚೂರು ಉಳಿದಿದ್ದರೆ ಅಥವಾ ಗಾಜಿನ ಒಳಮೈಗೆ ಮಂಜಿನಂತೆ ಬಿಳಿ ಅಂಟಿದ್ದರೆ ಆ ಬಾಟಲಿ ಬಳಸಬೇಡಿ.

3. ತಿಳಿ ಇನ್ಸುಲಿನ್ ತಿಳಿಯಾಗಿಯೇ ಇರಬೇಕು. ಅದು ಮಬ್ಬಾದರೆ ಕೆಟ್ಟಿದೆ ಎಂದರ್ಥ.

4. ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಿ. ಫ್ರೀಜರಿನಲ್ಲಿ ಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಉಪಯೋಗಕ್ಕಿಲ್ಲ. ತೆರೆದ ಬಾಟಲಿಯನ್ನು ಎಷ್ಟು ದಿನ ಬಳಸಬಹುದು ಎಂದು ಚೀಟಿಯಲ್ಲಿ ಓದಿ. ಸಾಮಾನ್ಯವಾಗಿ ಅದು ನಾಲ್ಕು ವಾರ.

5. ಬಾಟಲಿ 40 ಯೂನಿಟ್ಟಿನದಾದರೆ 40ರ ಸಿರಿಂಜು, 100ರದಾದರೆ 100ರ ಸಿರಿಂಜು. 100ರ ಬಾಟಲಿಯಿಂದ 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 20 ಅಲ್ಲ, 50 ಯೂನಿಟ್. ಇದು ಪ್ರಾಣಕ್ಕೇ ಅಪಾಯ.

6. ರಂಝಾನ್ ಉಪವಾಸ ಹಿಡಿಯಬೇಕೆನ್ನುವವರು ಆರೆಂಟು ವಾರ ಮೊದಲೇ ವೈದ್ಯರನ್ನು ಕಾಣಿ. ಅಳತೆಯನ್ನು ನೀವಾಗಿಯೇ ಬದಲಿಸಬೇಡಿ.

ಅಮ್ಮಿ ಉರುಳಿಸಲು ಶುರುಮಾಡಿದಾಗ ಮೊದಲ ವಾರವೇ ವೈದ್ಯರನ್ನು ಕಂಡೆವು. ಬೆರೆಸದ ಇನ್ಸುಲಿನ್ ಲೆಕ್ಕದಲ್ಲಿ ಗೊತ್ತುಮಾಡಿದ ಅಳತೆ ಬೆರೆಸಿದ ಮೇಲೆ ಹೆಚ್ಚಾಗಬಹುದಾದ್ದರಿಂದ ಅವರು ಅದನ್ನು ಮತ್ತೆ ನೋಡಿ ತಿದ್ದಿಕೊಟ್ಟರು. ನೀವೂ ಹಾಗೆಯೇ ಮಾಡಿ. ಈಗ ಬೆಳಗ್ಗೆ ಅವರು ಬಾಟಲಿಯನ್ನು ಉರುಳಿಸಿ, ಕಿಟಕಿಯ ಬೆಳಕಿಗೆ ಹಿಡಿದು, ತಳದಲ್ಲಿ ಬಿಳಿ ಉಳಿದಿದೆಯೇ ಎಂದು ನೋಡಿಯೇ ಸಿರಿಂಜು ಕೈಗೆತ್ತಿಕೊಳ್ಳುತ್ತಾರೆ. ನೋಟ್‌ಬುಕ್ಕಿನ ಹೊಸ ಪುಟಗಳಲ್ಲಿ 250 ಇಲ್ಲ, 60 ಕೂಡ ಇಲ್ಲ.